ಎರಡು ನಿಮಿಷ ನಲವತ್ತು ಸೆಕೆಂಡು

ಫೆಬ್ರವರಿ 9

ಮಗಳೇ,

ಈ ವಾರದ ಸುದ್ದಿಯ ಮೇಲೆ ನನ್ನ ತೀರ್ಪು ಇಲ್ಲಿದೆ. ಮೊದಲು ನಿನ್ನ ತಪ್ಪು, ಆಮೇಲೆ ದೇಶದ ತಪ್ಪು.

ಸೋಮವಾರದ ಆ ಚೌಕಳಿ ಅಂಗಿಯನ್ನು ಯಾರಿಗಾದರೂ ಕೊಟ್ಟುಬಿಡು. ಟಿವಿಯ ಮೂಲೆಯಲ್ಲಿ ಅಂಗೈಯಗಲದ ಚೌಕದೊಳಗೆ ನಿಂತು ಸನ್ನೆ ಭಾಷೆಯಲ್ಲಿ ಸುದ್ದಿ ಹೇಳುವವಳ ಅಂಗಿ ಬರೀ ಗೋಡೆಯಂತಿರಬೇಕು. ಚೌಕಳಿಯ ಮೇಲೆ ನಿನ್ನ ಬೆರಳು ಹುಡುಕುವಷ್ಟರಲ್ಲಿ ಒಂದು ಕದನವಿರಾಮ ಮುಗಿದೇ ಹೋಗಿತ್ತು. ಸಮವಸ್ತ್ರದ ಕಾರ್ಖಾನೆಯಲ್ಲಿ ಮೂವತ್ತೈದು ವರ್ಷ ಅಂಗಿಗಳಿಗೆ ಕಾಜಾ ಹಾಕಿದವಳು ಹೇಳುತ್ತಿದ್ದೇನೆ, ಬಟ್ಟೆಯ ವಿಷಯದಲ್ಲಾದರೂ ನನ್ನ ಮಾತು ಕೇಳು.

ಇನ್ನು ದೇಶ. ವಿರೋಧ ಪಕ್ಷದವರು ಮಂಗಳವಾರ ಸಭೆಯಿಂದ ಎದ್ದು ಹೊರನಡೆದರು. ಬುಧವಾರ ಸರಿಯಾಗಿ ಊಟದ ಹೊತ್ತಿಗೆ ಮತ್ತೆ ಹೊರನಡೆದರು. ಆಳುವ ಪಕ್ಷದವರು ಎದ್ದುಹೋಗಲಾರದೆ ಹೊಟ್ಟೆಕಿಚ್ಚಿನಿಂದ ನೋಡುತ್ತ ಕುಳಿತಿದ್ದರು. ಸಿನಿಮಾ ಪ್ರಶಸ್ತಿಯ ಸಮಾರಂಭದಲ್ಲಿ ನಾಯಕ ನಟ ನಾಲ್ಕು ನಿಮಿಷ ಅತ್ತ. ಸಿನಿಮಾದೊಳಗೆ ಅರ್ಧ ನಿಮಿಷ ಹೀಗೆ ಅತ್ತಿದ್ದರೆ ನಾನೂ ಒಂದು ಪ್ರಶಸ್ತಿ ಕೊಡುತ್ತಿದ್ದೆ. ಆ ಅಳುವನ್ನು ನೀನು ಮಾತ್ರ ಸೊಗಸಾಗಿ ಹೇಳಿದೆ, ನಡುವೆ ಅವನು ತನ್ನ ತಾಯಿಯ ಹೆಸರು ನೆನಪಾಗದೆ ತಡವರಿಸಿದ್ದನ್ನೂ ಬಿಡಲಿಲ್ಲ. ನಮ್ಮ ಕಿವುಡರ ಕ್ಲಬ್ಬಿನಲ್ಲಿ ಎಲ್ಲರೂ ಅದನ್ನೇ ಮಾಡಿ ತೋರಿಸುತ್ತಿದ್ದಾರೆ. ಅಲ್ಲಿ ನಿನಗೀಗ ಒಂದು ಹೆಸರು ಬಿದ್ದಿದೆ: ಎರಡೂ ತೋರುಬೆರಳಿನಿಂದ ಗಾಳಿಯಲ್ಲಿ ಒಂದು ಸಣ್ಣ ಚೌಕ. ಯಾರು ಆ ಚೌಕ ಬರೆದರೂ ಎಲ್ಲರೂ ನನ್ನ ಕಡೆ ತಿರುಗುತ್ತಾರೆ. ನಾನು ಬೇಕೆಂದೇ ಬೇರೆಲ್ಲೋ ನೋಡುತ್ತೇನೆ. ಇಲ್ಲದಿದ್ದರೆ ಹೆಮ್ಮೆ ಮುಖಕ್ಕೆ ಬಂದುಬಿಡುತ್ತದೆ.

ಎದುರಿನ ಇಸ್ತ್ರಿ ಅಂಗಡಿಯವರೂ ನಿನ್ನ ಅಭಿಮಾನಿ. ನನ್ನ ಟಿವಿಯ ಸದ್ದು ಎಷ್ಟಿರುತ್ತದೋ ನನಗೆ ಗೊತ್ತಿಲ್ಲ. ಅವರು ರಸ್ತೆಯಾಚೆ ತಮ್ಮ ಮೇಜಿನ ಹಿಂದೆ ನಿಂತೇ ಪೂರ್ತಿ ಸುದ್ದಿ ಕೇಳುತ್ತಾರೆ. ಕಿಟಕಿಯಿಂದ ನನಗೆ ಅವರು ಕಾಣುತ್ತಾರೆ. ತಲೆ ಆಡಿಸಿದರೆ ಹವಾಮಾನ, ಹಣೆ ಚಚ್ಚಿಕೊಂಡರೆ ಮಂತ್ರಿಮಂಡಲ. ಟಿವಿ ಒಂದೇ, ಅವರು ಕೇಳುತ್ತಾರೆ, ನಾನು ನೋಡುತ್ತೇನೆ.

ನಮ್ಮ ಶಾಲೆಗೆ ಬೀಗ ಬಿದ್ದು ಎಂಟು ತಿಂಗಳಾಯಿತು. ನಾನು ಈ ಅಕ್ಷರಗಳನ್ನು ಕಲಿತದ್ದು ಅಲ್ಲಿ, ನಿನ್ನ ಅಪ್ಪನನ್ನು ಮೊದಲು ನೋಡಿದ್ದೂ ಅಲ್ಲೇ. ನಲವತ್ತು ಕಿವುಡ ಮಕ್ಕಳು ಮನೆಯಲ್ಲಿ ಕುಳಿತಿದ್ದಾರೆ. ಆ ಸುದ್ದಿ ಇನ್ನೂ ನಿನ್ನ ಚೌಕಕ್ಕೆ ಬಂದಿಲ್ಲ.

ಕಾಗದ ಬಿಟ್ಟು ವಿಡಿಯೋದಲ್ಲಿ ಮಾತಾಡೋಣ ಎನ್ನುತ್ತೀ. ಬೇಡ. ಚಿಕ್ಕವಳಿದ್ದಾಗ ನೀನು ನನ್ನ ಬೈಗುಳ ಬೇಡವಾದರೆ ಕಣ್ಣು ಮುಚ್ಚಿಕೊಳ್ಳುತ್ತಿದ್ದೆ, ನನ್ನ ಮಾತು ಅಲ್ಲಿಗೆ ಮುಗಿಯುತ್ತಿತ್ತು. ಕಾಗದವಾದರೆ ಕಣ್ಣು ಬಿಟ್ಟಾಗ ಮತ್ತೆ ಅಲ್ಲೇ ಇರುತ್ತದೆ.

ನಿನ್ನ ಅಮ್ಮ


ಫೆಬ್ರವರಿ 15

ಅಮ್ಮಾ,

ತೀರ್ಪು ತಲುಪಿತು. ಚೌಕಳಿ ಅಂಗಿ ಗಡೀಪಾರಾಗಿದೆ. ಮುಂದಿನ ವಾರ ಪೂರ್ತಿ ಕಡುನೀಲಿ.

ಈಗ ನಿಜವಾದ ಸುದ್ದಿ. ಹದಿನೇಳನೇ ತಾರೀಖು ಬೆಳಿಗ್ಗೆ ಹನ್ನೊಂದಕ್ಕೆ ಶಿಕ್ಷಣ ಮಂತ್ರಿಯ ಪತ್ರಿಕಾಗೋಷ್ಠಿ ಇದೆ, ನೇರ ಪ್ರಸಾರ. ಚೌಕದಲ್ಲಿ ನಾನೇ. ನಮ್ಮ ವರದಿಗಾರ್ತಿಗೆ ಶಾಲೆಯ ವಿಷಯವನ್ನು ತಿಂಗಳಿಂದ ಹೇಳಿ ಹೇಳಿ ಅವಳ ತಲೆ ತಿಂದಿದ್ದೇನೆ. ಕೊನೆಗೆ ಅವಳು, "ಸಾಕು ಮಾರಾಯ್ತಿ, ಕೇಳೇ ಕೇಳ್ತೀನಿ" ಎಂದಿದ್ದಾಳೆ. ಕ್ಲಬ್ಬಿನವರಿಗೆಲ್ಲ ಹೇಳು. ಕಾರ್ಖಾನೆಯಲ್ಲಿ ಅರ್ಧ ದಿನ ರಜೆ ಹಾಕು. ಮೂವತ್ತೈದು ವರ್ಷದಲ್ಲಿ ನೀನು ಹಾಕಿದ ರಜೆ ಬೆರಳೆಣಿಕೆಯಷ್ಟು, ಕೊಡದೆ ಎಲ್ಲಿಗೆ ಹೋಗುತ್ತಾರೆ.

ಅಮ್ಮಾ, ನಿನ್ನ ಶಾಲೆಯ ಬಗ್ಗೆ ಒಬ್ಬ ಮಂತ್ರಿ ಕೊಡುವ ಉತ್ತರ ನನ್ನ ಕೈಯಿಂದ ನಿನಗೆ ತಲುಪುತ್ತದೆ. ಇದಕ್ಕಾಗಿಯೇ ಈ ಕೆಲಸಕ್ಕೆ ಸೇರಿದ್ದೆ ಎಂದು ಈಗ ಅನ್ನಿಸುತ್ತಿದೆ.

ನಿನ್ನ ಮಗಳು


ಫೆಬ್ರವರಿ 21

ಅಮ್ಮಾ,

ನಾಲ್ಕು ದಿನದಿಂದ ಅಂಚೆಪೆಟ್ಟಿಗೆ ನೋಡುತ್ತಿದ್ದೇನೆ. ನಿನ್ನ ತೀರ್ಪು ಬಂದಿಲ್ಲ. ಊರೆಲ್ಲ ಬರೆಯುತ್ತಿದೆ, ನೀನೊಬ್ಬಳೇ ಇಲ್ಲ.

ನೀನು ನೋಡಿದ್ದೀಯ, ಆದರೂ ಚೌಕದ ಒಳಗಿನಿಂದ ಹೇಗಿತ್ತು ಎಂದು ಹೇಳುತ್ತೇನೆ. ವರದಿಗಾರ್ತಿ ನೇರವಾಗಿ ಕೇಳಿದಳು: ಕಿವುಡ ಮಕ್ಕಳ ಶಾಲೆಯನ್ನು ಮತ್ತೆ ಯಾವಾಗ ತೆರೆಯುತ್ತೀರಿ? ಪ್ರಶ್ನೆಯನ್ನು ನಾನು ಪೂರ್ತಿ ಸನ್ನೆ ಮಾಡಿದೆ. ಮಂತ್ರಿ ನೀರು ಕುಡಿದು ಶುರುಮಾಡಿದರು. ಶಿಕ್ಷಣದ ಮಹತ್ವ, ಸಂಬಂಧಪಟ್ಟವರು, ಸೂಕ್ತ ಹಂತ, ಸಮಗ್ರ ಪರಿಶೀಲನೆ. ಹತ್ತು ಸೆಕೆಂಡು ಸನ್ನೆ ಮಾಡಿದೆ. ಆಮೇಲೆ ನನ್ನ ಕೈ ಮೇಲೇಳಲಿಲ್ಲ. ನಲವತ್ತು ಮಕ್ಕಳ ಮುಂದೆ ಈ ಹೊಟ್ಟನ್ನು ನಾನೇಕೆ ತೂರಬೇಕು ಎನ್ನಿಸಿತು. "ಉತ್ತರ ಹೇಳಲಿಲ್ಲ" ಎಂದು ಒಂದೇ ಸನ್ನೆ ಮಾಡಿ ಕೈಕಟ್ಟಿ ನಿಂತುಬಿಟ್ಟೆ. ಅವರು ಎರಡು ನಿಮಿಷ ನಲವತ್ತು ಸೆಕೆಂಡು ಮಾತಾಡಿದರು. ಕೊನೆಯವರೆಗೂ ನಾನು ಕೈ ಬಿಚ್ಚಲಿಲ್ಲ.

ಸಂಜೆಯೊಳಗೆ ಆ ತುಣುಕು ಎಲ್ಲರ ಫೋನಿನಲ್ಲಿತ್ತು. ನಾನು ಕೈಕಟ್ಟಿದ ಚಿತ್ರವನ್ನು ಬನಿಯನ್ನುಗಳ ಮೇಲೆ ಅಚ್ಚು ಹಾಕಿ ಮಾರುತ್ತಿದ್ದಾರೆ. ಒಬ್ಬ ಅಂಕಣಕಾರರು ಇದು ವರ್ಷದ ಅತ್ಯುತ್ತಮ ರಾಜಕೀಯ ವಿಮರ್ಶೆ ಎಂದು ಬರೆದಿದ್ದಾರೆ. ಒಂದು ನಾಟಕ ತಂಡದವರು ತಮ್ಮ ಹೊಸ ನಾಟಕದ ಕೊನೆಯಲ್ಲಿ ಎಲ್ಲರೂ ಸಾಲಾಗಿ ಕೈಕಟ್ಟಿ ನಿಲ್ಲುತ್ತಾರಂತೆ, ಪ್ರೇಕ್ಷಕರೂ ಎದ್ದು ಕೈಕಟ್ಟುತ್ತಾರಂತೆ. ಚಪ್ಪಾಳೆ ತಟ್ಟುವುದು ಹೇಗೆ ಎಂದು ಯಾರೂ ಯೋಚಿಸಿದಂತಿಲ್ಲ.

ಸಂಪಾದಕರು ನನ್ನನ್ನು ಚೌಕದಿಂದ ತೆಗೆದಿದ್ದಾರೆ. ವಿಚಾರಣೆ ಇದೆಯಂತೆ. ಅಲ್ಲಿಯವರೆಗೆ ಮನೆಯಲ್ಲಿ ವಿಶ್ರಾಂತಿ ತಗೊಳ್ಳಿ ಎಂದರು. ಕೆಲಸ ಹೋದರೂ ಹೋಗಬಹುದು. ಆದರೆ ನಾನು ತಲೆ ತಗ್ಗಿಸಿಲ್ಲ. ನಿನಗೆ ಹೆಮ್ಮೆಯಾಯಿತು ತಾನೆ? ಅದೊಂದನ್ನು ಬರೆದು ಕಳಿಸು, ಸಾಕು.

ನಿನ್ನ ಮಗಳು


ಮಾರ್ಚ್ 3

ಮಗಳೇ,

ನನಗೆ ಹೆಮ್ಮೆಯಾಗಲಿಲ್ಲ.

ಅಂದು ಏನಾಯಿತು ಎಂದು ಹೇಳುತ್ತೇನೆ. ರಜೆ ಹಾಕಿ, ತಲೆ ಬಾಚಿಕೊಂಡು, ಯಾರೋ ಮನೆಗೆ ಬರುವವರಿದ್ದಾರೆ ಎಂಬಂತೆ ಕುಳಿತಿದ್ದೆ. ಪ್ರಶ್ನೆ ಬಂತು. ಮಂತ್ರಿಯ ಬಾಯಿ ಆಡತೊಡಗಿತು. ನಿನ್ನ ಕೈ ನಿಂತಿತು. ನಾನು ಕಿಟಕಿಯಾಚೆ ನೋಡಿದೆ. ಇಸ್ತ್ರಿ ಅಂಗಡಿಯವರು ಪೆಟ್ಟಿಗೆಯನ್ನು ಬದಿಗಿಟ್ಟು ಕೇಳುತ್ತಿದ್ದರು. ಹಣೆ ಚಚ್ಚಿಕೊಂಡರು. ನಕ್ಕರು. ಪಕ್ಕದ ಗಿರಾಕಿಗೆ ಏನೋ ಹೇಳಿದರು, ಅವನೂ ನಕ್ಕ. ಮತ್ತೆ ಇಬ್ಬರೂ ಕೋಪದಿಂದ ಕೈ ಬೀಸಿದರು. ನನ್ನ ಶಾಲೆಯ ಬಗ್ಗೆ, ನನ್ನ ಟಿವಿಯಿಂದ, ಅವರಿಗೆಲ್ಲ ಕೇಳಿಸುತ್ತಿತ್ತು. ನನ್ನ ಮುಂದೆ ನನ್ನ ಮಗಳು ಕೈಕಟ್ಟಿ ನಿಂತಿದ್ದಳು.

ಆಮೇಲೆ ಅವರು ಓಡಿ ಬಂದು ನನ್ನ ಕೈ ಕುಲುಕಿದರು. ಮಂತ್ರಿ ಏನಂದರು ಎಂದು ಚೀಟಿಯಲ್ಲಿ ಬರೆದು ಕೇಳಿದೆ. ಅವರು ನಗುತ್ತ ಬರೆದುಕೊಟ್ಟರು: "ಏನೂ ಇಲ್ಲ ಬಿಡಿ, ಬರೀ ಓಳು."

ಏನೂ ಇಲ್ಲ ಬಿಡಿ. ಅರವತ್ತು ವರ್ಷದಿಂದ ಈ ಮಾತನ್ನು ನೋಡುತ್ತಿದ್ದೇನೆ. ಮನೆಯಲ್ಲಿ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಾಗ ಏನಾಯಿತು ಎಂದು ಅಣ್ಣನ ತೋಳು ಎಳೆದರೆ, ಏನೂ ಇಲ್ಲ, ಆಮೇಲೆ ಹೇಳ್ತೀನಿ. ಕಾರ್ಖಾನೆಯಲ್ಲಿ ಮೇಲ್ವಿಚಾರಕರು ಅರ್ಧ ಗಂಟೆ ಭಾಷಣ ಮಾಡಿದರೆ, ಏನೂ ಇಲ್ಲ, ಕೆಲಸ ಮಾಡು. ಕೇಳುವವರು ಕೇಳಿ, ಅಗಿದು, ಚೆನ್ನಾಗಿದ್ದರೆ ಒಂದು ತುತ್ತು ನಮಗೆ ಕೊಡುತ್ತಾರೆ. ಹೊಟ್ಟೋ ಕಾಳೋ ಎಂದು ನಾವೇ ನೋಡಲು ಬಿಡುವುದಿಲ್ಲ. ಆ ಎರಡು ನಿಮಿಷ ಓಳು ಎಂದೇ ಇಟ್ಟುಕೋ. ಅದು ನನ್ನ ಪಾಲಿನ ಓಳು. ಅದನ್ನು ನೋಡಿ ಸಿಟ್ಟಾಗುವ ಹಕ್ಕು ನನ್ನದು.

ಇನ್ನೊಂದು ವಿಷಯವಿದೆ. ಇಪ್ಪತ್ತನಾಲ್ಕು ವರ್ಷ ಬರೆಯಲಿಲ್ಲ, ಈಗ ಬರೆಯುತ್ತೇನೆ. ನಿನ್ನ ಅಪ್ಪನನ್ನು ಆಸ್ಪತ್ರೆಗೆ ಸೇರಿಸಿದ್ದಾಗ ಡಾಕ್ಟರು ನಿನ್ನನ್ನೂ ನನ್ನನ್ನೂ ಕೂರಿಸಿ ಬಹಳ ಹೊತ್ತು ಮಾತಾಡಿದರು. ಕಿವಿ ಕೇಳಿಸುವವಳು ನೀನೊಬ್ಬಳೇ, ಆಗ ನಿನಗೆ ಹತ್ತು ವರ್ಷ. ನೀನು ನನ್ನ ಕಡೆ ತಿರುಗಿ ಚಿಕ್ಕದಾಗಿ ಹೇಳಿದೆ: ಔಷಧಿ ಕೊಡುತ್ತಾರಂತೆ, ಸರಿಹೋಗುತ್ತಂತೆ. ನಾನು ಮಾರನೆಯ ದಿನವೇ ಕೆಲಸಕ್ಕೆ ಹೋದೆ. ಹತ್ತೊಂಬತ್ತು ದಿನ ಕಾಜಾ ಹೊಲಿದೆ. ಇಪ್ಪತ್ತನೆಯ ದಿನ ಅವರು ಇರಲಿಲ್ಲ.

ಆ ಮಗುವನ್ನು ಅಂದೂ ಬೈಯಲಿಲ್ಲ, ಇಂದೂ ಬೈಯುವುದಿಲ್ಲ. ಅವಳನ್ನು ಆ ಜಾಗದಲ್ಲಿ ನಿಲ್ಲಿಸಿದ್ದು ನಾನೇ. ಆದರೆ ನಿನಗೀಗ ಮೂವತ್ನಾಲ್ಕು.

ಕಣ್ಣು ಮುಚ್ಚಿಕೊಳ್ಳಬೇಡ.

ನಿನ್ನ ಅಮ್ಮ


ಮಾರ್ಚ್ 22

ಅಮ್ಮಾ,

ಮೂರು ಸಲ ಬರೆದು ಹರಿದು ಹಾಕಿದೆ. ಮೊದಲನೆಯದರಲ್ಲಿ ನಿನ್ನ ಮೇಲೆ ಕೋಪವಿತ್ತು. ಎರಡನೆಯದರಲ್ಲಿ ಬರೀ ಅಳು. ಮೂರನೆಯದು ಚೆನ್ನಾಗಿತ್ತು, ಅದಕ್ಕೇ ಹರಿದೆ.

ನಿನಗೆ ಗೊತ್ತಿದೆ ಎಂದು ನನಗೆ ಗೊತ್ತಿರಲಿಲ್ಲ. ಗೊತ್ತಿರಬಹುದು ಎಂದು ಪ್ರತಿದಿನ ಹೆದರುತ್ತಿದ್ದೆ. ಎರಡೂ ನಿಜ.

ಡಾಕ್ಟರು ಅಂದು ಹೇಳಿದ್ದು ಇದು. ಒಂದು ಅಕ್ಷರವೂ ಮರೆತಿಲ್ಲ.

"ಇವರ ಯಕೃತ್ತು ಪೂರ್ತಿ ಹಾಳಾಗಿದೆ. ಇನ್ನು ಆಪರೇಷನ್ ಮಾಡಿ ಪ್ರಯೋಜನ ಇಲ್ಲ. ಎರಡು ವಾರ, ಹೆಚ್ಚು ಅಂದ್ರೆ ಮೂರು. ನೋವು ಕಾಣದ ಹಾಗೆ ನೋಡ್ಕೋತೀವಿ. ಮನೆಯೋರು ಹತ್ತಿರ ಇರಲಿ. ಮಾತಾಡೋದು ಏನಾದ್ರೂ ಇದ್ರೆ ಈಗಲೇ ಮಾತಾಡಿಕೊಳ್ಳಲಿ." ಆಮೇಲೆ ನನ್ನ ತಲೆ ಸವರಿ, "ಇದನ್ನೆಲ್ಲ ಅಮ್ಮನಿಗೆ ಹೇಳ್ತೀಯಾ ಪುಟ್ಟಾ?" ಎಂದರು. ನಾನು ಹ್ಞೂಂ ಅಂದೆ.

ಇಷ್ಟು. "ಸಾಯುತ್ತಾರೆ" ಎನ್ನುವ ಸನ್ನೆ ನನಗೆ ಬರುತ್ತಿತ್ತು. ಕೈಯನ್ನು ಎತ್ತಿಯೂ ಇದ್ದೆ. ನೀನು ನನ್ನ ಕೈಯನ್ನೇ ನೋಡುತ್ತಿದ್ದೆ. ಆ ನೋಟವನ್ನು ನೋಡಿ ಆಗಲಿಲ್ಲ, ಅಮ್ಮಾ.

ಮಾತಾಡಿಕೊಳ್ಳಲಿ ಎಂದದ್ದನ್ನು ನಾನು ನುಂಗಿದೆ. ನಿಮ್ಮಿಬ್ಬರ ಹತ್ತೊಂಬತ್ತು ದಿನವನ್ನು ತಿಂದೆ. ತಪ್ಪಾಯಿತು.

ವಿಚಾರಣೆ ಏಪ್ರಿಲ್ ಎರಡಕ್ಕೆ.

ನಿನ್ನ ಮಗಳು


ಏಪ್ರಿಲ್ 5

ಅಮ್ಮಾ,

ನೀನು ಉತ್ತರ ಬರೆದಿಲ್ಲ. ಪರವಾಗಿಲ್ಲ. ವಿಚಾರಣೆಯಲ್ಲಿ ಏನಾಯಿತು ಎಂದು ಒಂದೂ ಬಿಡದೆ ಹೇಳುತ್ತೇನೆ.

ಉದ್ದ ಮೇಜು, ಆ ಕಡೆ ಸಂಪಾದಕರು ಮತ್ತು ಆಡಳಿತದ ಇಬ್ಬರು, ಈ ಕಡೆ ನಾನು. ಗಾಜಿನ ಗೋಡೆಯಾಚೆ ಸಹೋದ್ಯೋಗಿಗಳು ನಾನು ರಾಜೀನಾಮೆಯನ್ನು ಮುಖಕ್ಕೆ ಎಸೆದು ಬರುವುದನ್ನು ಕಾಯುತ್ತಿದ್ದರು. ಸಂಪಾದಕರು ಒಳ್ಳೆಯವರು, ಕಷ್ಟ ಬೇಡ ಎನ್ನುವವರು. "ಒಂದೇ ಒಂದು ಸಾಲು ಬರೆದುಕೊಡಿ, ಮಂತ್ರಿಗಳ ಕ್ಷಮೆ ಕೇಳ್ತೀನಿ ಅಂತ. ನಾಳೆಯಿಂದ ಕೆಲಸಕ್ಕೆ ಬನ್ನಿ" ಎಂದರು. ಇಲ್ಲದಿದ್ದರೆ ಇವತ್ತೇ ಕೊನೆಯ ದಿನ ಎನ್ನುವುದನ್ನು ಅವರು ಬಾಯಿಬಿಟ್ಟು ಹೇಳಲಿಲ್ಲ.

ಮಂತ್ರಿಯ ಕಾರ್ಯದರ್ಶಿಯ ದೂರನ್ನು ಓದಲು ಕೇಳಿದೆ. ಅದರಲ್ಲಿ ಹೀಗಿತ್ತು: ಮಾನ್ಯ ಮಂತ್ರಿಗಳ ಸವಿಸ್ತಾರವಾದ ಉತ್ತರ ಕಿವುಡ ವೀಕ್ಷಕರಿಗೆ ತಲುಪಿಲ್ಲ, ಇದರಿಂದ ಅವರ ಹಕ್ಕಿಗೆ ಚ್ಯುತಿಯಾಗಿದೆ. ಅಮ್ಮಾ, ನಗಬೇಡ. ಆ ಮನುಷ್ಯ ಬರೆದದ್ದೂ ನೀನು ಬರೆದದ್ದೂ ಒಂದೇ.

ನಾನು ಹೇಳಿದೆ: "ದೂರು ಸರಿಯಾಗಿದೆ. ನಾನು ತಪ್ಪು ಮಾಡಿದ್ದೀನಿ. ಆದ್ರೆ ಕ್ಷಮೆ ಮಂತ್ರಿಗಳ ಹತ್ರ ಕೇಳಲ್ಲ, ಅವರ ಮಾತು ಯಾರಿಗೆ ತಲುಪಲಿಲ್ಲವೋ ಅವರ ಹತ್ರ ಕೇಳ್ತೀನಿ. ಅದೇ ಪ್ರಶ್ನೆ, ಅದೇ ಉತ್ತರ ಮತ್ತೆ ಹಾಕಿ. ಒಂದೂ ಬಿಡದೆ ಸನ್ನೆ ಮಾಡ್ತೀನಿ. ಆಮೇಲೆ ಕಳಿಸೋದಾದ್ರೆ ಕಳಿಸಿ."

ಕಾರ್ಯದರ್ಶಿಗೆ ಫೋನು ಹೋಯಿತು. ಆತ ಕುಣಿದಾಡುವಷ್ಟು ಖುಷಿಪಟ್ಟರಂತೆ. ಪೂರ್ತಿ ತೋರಿಸಿ, ಚೌಕವನ್ನು ದೊಡ್ಡದು ಮಾಡಿ ತೋರಿಸಿ ಎಂದರಂತೆ.

ಗಾಜಿನಾಚೆಯವರಿಗೆ ನಿರಾಸೆಯಾಯಿತು. ಅಂಕಣಕಾರರು ನಾನು ಶರಣಾದೆ ಎಂದು ಬರೆದರು. ಬನಿಯನ್ನುಗಳ ಬೆಲೆ ಇಳಿದಿರಬೇಕು.

ಮೂರು ದಿನದಿಂದ ಕನ್ನಡಿಯ ಮುಂದೆ ನಿಂತಿದ್ದೇನೆ. ಬಾಯಲ್ಲಿ ಹಾರಿಕೆಯ ಮಾತಾಡುವುದು ಸುಲಭ, ಕೈಯಲ್ಲಿ ಬಹಳ ಕಷ್ಟ. ಸನ್ನೆಯಲ್ಲಿ ಯಾರ ಬಗ್ಗೆ ಹೇಳಿದರೂ ಅವರಿಗೆ ಗಾಳಿಯಲ್ಲಿ ಒಂದು ಜಾಗ ಕೊಡಬೇಕಲ್ಲ. "ಸಂಬಂಧಪಟ್ಟವರು" ಎಂದರೆ ಅವರನ್ನು ಎಲ್ಲಿ ಕೂರಿಸಲಿ? ಇಲಾಖೆ ಎಡಕ್ಕೆ, ಸಮಿತಿ ಬಲಕ್ಕೆ, ಜಿಲ್ಲಾ ಕಚೇರಿ ಮುಂದಕ್ಕೆ ಎಂದು ಇಟ್ಟುಕೊಂಡಿದ್ದೇನೆ. ಮುಖದಲ್ಲಿ ನನ್ನ ಅಭಿಪ್ರಾಯ ಇಣುಕದಂತೆ ಅಭ್ಯಾಸ ಮಾಡುತ್ತಿದ್ದೇನೆ.

ಹನ್ನೊಂದನೇ ತಾರೀಖು, ಬೆಳಿಗ್ಗೆ ಹನ್ನೊಂದಕ್ಕೆ. ಕಡುನೀಲಿ ಅಂಗಿ. ನೋಡುತ್ತೀಯಾ?

ನಿನ್ನ ಮಗಳು


ಏಪ್ರಿಲ್ 12

ಮಗಳೇ,

ತೀರ್ಪು. ಮೊದಲು ನಿನ್ನ ತಪ್ಪು: ಎಡತೋಳಿನ ಪಟ್ಟಿಯ ಗುಂಡಿ ಸಡಿಲವಾಗಿದೆ. ಬಂದಾಗ ಹಾಕಿಕೊಡುತ್ತೇನೆ. ಬೇರೆ ತಪ್ಪಿಲ್ಲ.

ಕ್ಲಬ್ಬಿನವರು ಹತ್ತು ಮಂದಿ ನನ್ನ ಮನೆಗೇ ಬಂದಿದ್ದರು. ಕಾಲಿಡಲು ಜಾಗವಿರಲಿಲ್ಲ. ಮೊದಲು ನೀನು ನಿನ್ನದೇ ಮಾತು ಹೇಳಿದೆ: ಅಂದು ನಿಮ್ಮ ಪರವಾಗಿ ನಾನು ತೀರ್ಮಾನ ಮಾಡಿದೆ, ಅದು ನನ್ನ ಕೆಲಸವಾಗಿರಲಿಲ್ಲ, ಕ್ಷಮಿಸಿ. ಇಡೀ ಕೋಣೆ ಸ್ತಬ್ಧವಾಯಿತು. ನಮ್ಮ ಕೋಣೆ ಸ್ತಬ್ಧವಾಗುವುದು ಎಂದರೆ ಎಲ್ಲರ ಕೈ ತೊಡೆಯ ಮೇಲೆ ಬಂತು ಎಂದರ್ಥ. ಹಾಗೆ ಯಾರಾದರೂ ನಮ್ಮ ಕ್ಷಮೆ ಕೇಳಿದ್ದು ಯಾರ ನೆನಪಿನಲ್ಲೂ ಇಲ್ಲ.

ಆಮೇಲೆ ಮಂತ್ರಿ ಶುರುವಾದರು. ನೀನು ನಮ್ಮ ಶಾಲೆಯನ್ನು ಎರಡು ಕೈಯಲ್ಲಿ ಎತ್ತಿಕೊಂಡೆ. ಇಲಾಖೆ ಪರಿಶೀಲಿಸುತ್ತದೆ ಎಂದರು, ಶಾಲೆಯನ್ನು ಎಡಕ್ಕೆ ಒಯ್ದೆ. ಇಲಾಖೆ ಸಮಿತಿಗೆ ವಹಿಸಲಿದೆ ಎಂದರು, ಬಲಕ್ಕೆ ಒಯ್ದೆ. ಸಮಿತಿ ಜಿಲ್ಲೆಯಿಂದ ವರದಿ ತರಿಸುತ್ತದೆ ಎಂದರು, ಮುಂದಕ್ಕೆ ಒಯ್ದೆ. ಜಿಲ್ಲೆ ಇಲಾಖೆಯ ಸೂಚನೆಗೆ ಕಾಯುತ್ತಿದೆ ಎಂದರು, ಮತ್ತೆ ಎಡಕ್ಕೆ. ನಮ್ಮ ಶಾಲೆ ನಾಲ್ಕು ಸುತ್ತು ಬಂತು. ಮೂರನೆಯ ಸುತ್ತಿಗೆ ಕ್ಲಬ್ಬಿನ ಹಿರಿಯರು ನೆಲಕ್ಕೆ ಕುಸಿದು ನಗುತ್ತಿದ್ದರು. ನಾಲ್ಕನೆಯ ಸುತ್ತಿನಲ್ಲಿ ಯಾರೂ ನಗಲಿಲ್ಲ. ಮಂತ್ರಿ ಧನ್ಯವಾದ ಹೇಳಿ ಎದ್ದುಹೋದರು. ನೀನು ಅಲ್ಲೇ ನಿಂತಿದ್ದೆ, ಕೈಯಲ್ಲಿ ಶಾಲೆ ಹಿಡಿದುಕೊಂಡು, ಎಲ್ಲಿಡಬೇಕೆಂದು ಯಾರೂ ಹೇಳದೆ. ನಿನ್ನ ಮುಖದಲ್ಲಿ ಏನೂ ಇರಲಿಲ್ಲ. ನಾನು ಹುಡುಕಿದೆ, ತಾಯಿಯ ಕಣ್ಣಿಗೂ ಸಿಗಲಿಲ್ಲ.

ಬನಿಯನ್ನಿನವರಿಗೆ, ಅಂಕಣದವರಿಗೆ ಇದು ಅರ್ಥವಾಗುವುದಿಲ್ಲ. ಬೇಡ ಬಿಡು. ನಾವು ಹತ್ತು ಮಂದಿ ಅಲ್ಲೇ ಕುಳಿತು ಮಂತ್ರಿಗೆ ಕಾಗದ ಬರೆದೆವು. ತಮ್ಮ ಉತ್ತರ ಒಂದು ಮಾತೂ ಬಿಡದೆ ತಲುಪಿದೆ, ಇಲಾಖೆ, ಸಮಿತಿ, ಜಿಲ್ಲೆ ಮೂರಕ್ಕೂ ನಾಲ್ಕು ಸಲ ಹೋಗಿ ಬಂದೆವು, ಈಗ ದಿನಾಂಕ ಹೇಳಿ. ಸೋಮವಾರ ಇಡೀ ಕ್ಲಬ್ಬು ಅದನ್ನು ಕೈಯಲ್ಲೇ ಕೊಡಲು ಹೋಗುತ್ತಿದೆ, ಇನ್ನೂರು ಮಂದಿ. ನಾನು ಮತ್ತೆ ರಜೆ ಹಾಕಿದ್ದೇನೆ. ಸಂಪಾದಕರು ನಿನ್ನನ್ನು ಚೌಕದಲ್ಲಿ ಉಳಿಸಿಕೊಂಡಿದ್ದಾರೆ ಎಂದು ಇಸ್ತ್ರಿಯವರು ಪತ್ರಿಕೆಯಲ್ಲಿ ತೋರಿಸಿದರು. ಸೋಮವಾರ ಕ್ಯಾಮೆರಾ ಕಳಿಸಲು ಹೇಳು.

ನೀನು ಬರೆದ ಡಾಕ್ಟರ ಮಾತುಗಳನ್ನು ದಿನಕ್ಕೊಂದು ಸಲ ಓದುತ್ತಿದ್ದೆ. ಅದಕ್ಕೇ ಉತ್ತರ ತಡವಾಯಿತು. ಇಪ್ಪತ್ತನೆಯ ಸಲ ಓದಿದ ದಿನ ನಿನ್ನ ಅಪ್ಪನ ಫೋಟೊದ ಮುಂದೆ ನಿಂತು, ಆ ಹತ್ತೊಂಬತ್ತು ದಿನದಲ್ಲಿ ಹೇಳಬೇಕಾಗಿದ್ದನ್ನೆಲ್ಲ ಹೇಳಿದೆ. ಕೈ ನೋಯುವಷ್ಟು ಹೇಳಿದೆ. ಅವರು ಎಂದಿನಂತೆ ನನ್ನನ್ನೇ ನೋಡುತ್ತಿದ್ದರು. ನೀನು ಆ ಡಾಕ್ಟರಿಗೆ ಹ್ಞೂಂ ಎಂದಿದ್ದೆಯಲ್ಲ, ಆ ಮಾತು ಈಗ ನಡೆಯಿತು.

ಇನ್ನೊಂದು ಹೇಳುವುದಿದೆ. ಎರಡನೆಯ ಸುತ್ತಿನಲ್ಲಿ, ಶಾಲೆ ಸಮಿತಿಯಿಂದ ಜಿಲ್ಲೆಗೆ ಹೋಗುತ್ತಿದ್ದಾಗ, ನನಗೆ ಆಕಳಿಕೆ ಬಂತು. ಬಾಯಿ ಮುಚ್ಚಿಕೊಂಡು ಕಿಟಕಿಯಾಚೆ ನೋಡಿದರೆ ಇಸ್ತ್ರಿ ಅಂಗಡಿಯವರೂ ಅದೇ ಹೊತ್ತಿಗೆ ಆಕಳಿಸುತ್ತಿದ್ದರು. ಒಬ್ಬರನ್ನೊಬ್ಬರು ನೋಡಿ ನಕ್ಕೆವು. ಅರವತ್ತು ವರ್ಷದಲ್ಲಿ ಮೊದಲ ಸಲ, ಮಗಳೇ, ಒಬ್ಬ ಮಂತ್ರಿಯ ಭಾಷಣ ಬೇಸರವೆಂದು ಯಾರೂ ನನಗೆ ಹೇಳಬೇಕಾಗಲಿಲ್ಲ.

ಇವತ್ತು ಕ್ಲಬ್ಬಿನಲ್ಲಿ ಯಾರೋ ಗಾಳಿಯಲ್ಲಿ ಚೌಕ ಬರೆದರು. ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಬೇರೆ ಕಡೆ ನೋಡಲಿಲ್ಲ.

ನಿನ್ನ ಅಮ್ಮ